ಅಂಗಡಿಯ ರೆಡಿ ಹಿಟ್ಟಿನಲ್ಲಿ ಸೇಬು, ಪೇರ್ ತುಂಬಿದ ಫಾಲ್ (ಶರತ್ಕಾಲದ) ಸಿಹಿಗಳು: ತಳ ಹಸಿಯಾಗದ ಹಾಗೆ, ಮೊಟ್ಟೆ ಇಲ್ಲದೆ?

ನ್ಯೂಜೆರ್ಸಿ_ಅಡುಗೆಮನೆ:

ತೋಟದಿಂದ ತಂದ ಸೇಬು ಅರ್ಧ ಬುಶೆಲ್ ಇದೆ, ಹೆಚ್ಚುಕಡಿಮೆ 20 ಪೌಂಡ್. ಮ್ಯಾಕಿಂಟಾಶ್, ಹನಿಕ್ರಿಸ್ಪ್, ಜೋನಗೋಲ್ಡ್ ಮೂರೂ ಬೆರೆತಿವೆ. ಜೊತೆಗೆ ಬಾಸ್ಕ್ ಪೇರ್, ಒಂದು ಬ್ಯಾಗ್ ಕ್ರ್ಯಾನ್‌ಬೆರಿ. ಹಿಟ್ಟು ಕಲಸಿ, ಬೆಣ್ಣೆ ಮಡಚಿ, ಲಟ್ಟಿಸುತ್ತಾ ಕೂರುವ ಉಮೇದಿಲ್ಲ. ಅಂಗಡಿಯದ್ದೇ ನಾಲ್ಕು ಬಗೆ ಹಿಟ್ಟು ತಂದಿಟ್ಟಿದ್ದೇನೆ: ಫ್ರಿಜ್‌ನಲ್ಲಿಡುವ ಪೈ ಕ್ರಸ್ಟ್, ಫ್ರೋಜನ್ ಪಫ್ ಪೇಸ್ಟ್ರಿ, ಕಾಗದದಂಥ ತೆಳು ಫೀಲೋ ಹಾಳೆ, ಡಬ್ಬಿ ಒಡೆದರೆ ಟಪ್ ಅನ್ನುವ ಕ್ರೆಸೆಂಟ್ ರೋಲ್.

ತಲೆನೋವು ಇಷ್ಟು. ಮೇಲೆ ಬಣ್ಣ ಬಂದರೂ ತಳ ಹಸಿಹಸಿ, ಪೇಪರಿಗೆ ಅಂಟಿಕೊಳ್ಳುತ್ತೆ. ಮಡಚಿದ್ದು ಬಾಯಿಬಿಟ್ಟು ರಸ ಎಲ್ಲಾ ಟ್ರೇ ಮೇಲೆ ಹರಿದು ಕರಕಲಾಗುತ್ತೆ. ಮೊಟ್ಟೆ ಸವರದೆ ಹೊಳಪು ಬರಿಸೋದು ಹೇಗೆ? ಯಾವ ಸೇಬು ಯಾವುದಕ್ಕೆ? ದೀಪಾವಳಿ ಪಾಟ್‌ಲಕ್‌ಗೆ (ಎಲ್ಲರೂ ಒಂದೊಂದು ತಿಂಡಿ ತರುವ ಕೂಟ) ಹಿಂದಿನ ದಿನವೇ ತಯಾರಿ ಮಾಡಿಡಬೇಕು, ಮೊಟ್ಟೆ ತಿನ್ನದವರೇ ಜಾಸ್ತಿ. ಅಳತೆ ಸಮೇತ ಹೇಳಿದರೆ ಉಪಕಾರ.

ಪದರಪದರ:

ನಿಮ್ಮ ಮೊದಲ ಎರಡು ತೊಂದರೆಗೂ ಕಾರಣ ಒಂದೇ, ನೀರು. ಸೇಬಿನ ತೂಕದಲ್ಲಿ ನೂರಕ್ಕೆ ಸುಮಾರು 85 ಭಾಗ ನೀರೇ. ಸಕ್ಕರೆ ಬಿದ್ದ ಕೂಡಲೇ ಅದು ಹೊರಗೆ ಬರೋಕೆ ಶುರು. ಹಿಟ್ಟಿನೊಳಗಿನ ಕೊಬ್ಬು ಕರಗಿ, ಹಿಟ್ಟು ಬೆಂದು ಗಟ್ಟಿಯಾಗುವ ಮೊದಲೇ ಆ ರಸ ತಳಕ್ಕಿಳಿದರೆ ಅಲ್ಲಿ ಬೇಯೋದಿಲ್ಲ, ಗಂಜಿಯಾಗುತ್ತೆ. ಹಾಗಾಗಿ ನಾಲ್ಕೂ ಹಿಟ್ಟಿಗೆ ಒಂದೇ ಹೂರಣ ಹಾಕಬೇಡಿ. ಪೈ ಕ್ರಸ್ಟ್ ಹಸಿ ಹಣ್ಣನ್ನು ತಡೆದುಕೊಳ್ಳುತ್ತೆ, ಯಾಕೆಂದರೆ ಅದು ಓವನ್‌ನಲ್ಲಿ 40 ನಿಮಿಷಕ್ಕೂ ಹೆಚ್ಚು ಇರುತ್ತೆ, ಅಷ್ಟರಲ್ಲಿ ಹಣ್ಣೂ ಬೇಯುತ್ತೆ. ಪಫ್ 20–25 ನಿಮಿಷಕ್ಕೆ ಕೆಂಪಗಾಗಿಬಿಡುತ್ತೆ, ಒಳಗಿನ ಹಸಿ ಸೇಬಿಗೆ ಅಷ್ಟು ಹೊತ್ತು ಸಾಲದು. ಮುಚ್ಚಿದ ಪಫ್‌ಗೆ ಹೂರಣ ಮೊದಲೇ ಬೇಯಿಸಿ, ಪೂರ್ತಿ ಆರಿಸಿಯೇ ಹಾಕಬೇಕು.

ಮೊದಲು ಪೈ ಕ್ರಸ್ಟ್‌ನಲ್ಲಿ ಗ್ಯಾಲೆಟ್ (ಅಂಚು ಒಳಕ್ಕೆ ಮಡಚಿ, ನಡುವೆ ತೆರೆದೇ ಇಡುವ ಪೈ) ಮಾಡಿ. ಅಚ್ಚು ಬೇಡ, ಅಂಚು ಸೊಟ್ಟಗಿದ್ದರೂ ಚೆಂದ, ತಪ್ಪೋಕೆ ಜಾಗ ಕಡಿಮೆ.

ಒಂದು ಸುತ್ತಿನ ಹಾಳೆಗೆ (11 ಇಂಚು ಆಸುಪಾಸು ಇರುತ್ತೆ) ಸಿಪ್ಪೆ ತೆಗೆದು ಹೆಚ್ಚಿದ ಸೇಬು 450 ಗ್ರಾಂ, ಅಂದರೆ ಮಧ್ಯಮ ಗಾತ್ರದ ಮೂರು. ಹೋಳು ಕಾಲು ಇಂಚು ದಪ್ಪ. ಅದಕ್ಕಿಂತ ತೆಳುವಾದರೆ ಕರಗಿಹೋಗುತ್ತೆ, ದಪ್ಪವಾದರೆ ಹಿಟ್ಟು ಬೆಂದರೂ ಹಣ್ಣು ಕರಕರ ಅನ್ನುತ್ತೆ. ಸಕ್ಕರೆ ಕಾಲು ಕಪ್ (50 ಗ್ರಾಂ), ಕಾರ್ನ್‌ಸ್ಟಾರ್ಚ್ 1 ಟೇಬಲ್ ಸ್ಪೂನ್, ನಿಂಬೆರಸ 2 ಟೀ ಸ್ಪೂನ್, ದಾಲ್ಚಿನ್ನಿ ಪುಡಿ ಮುಕ್ಕಾಲು ಟೀ ಸ್ಪೂನ್, ಉಪ್ಪು ಎರಡು ಚಿಟಿಕೆ. ಉಪ್ಪು ಬಿಡಬೇಡಿ, ಬಿಟ್ಟರೆ ಬರೀ ಸಿಹಿಯಷ್ಟೇ ಗೊತ್ತಾಗುತ್ತೆ.

ಇಲ್ಲಿ ಕ್ರಮ ಮುಖ್ಯ. ಓವನ್ 400 ಡಿಗ್ರಿ ಫ್ಯಾರನ್‌ಹೀಟ್‌ಗೆ (205 ಸೆಲ್ಸಿಯಸ್) ಬಿಸಿಗಿಡಿ. ಒಂದು ಖಾಲಿ ದಪ್ಪ ಅಲ್ಯೂಮಿನಿಯಂ ಟ್ರೇಯನ್ನು ಕೆಳಗಿನಿಂದ ಎರಡನೇ ರ‍್ಯಾಕ್‌ನಲ್ಲಿ ಓವನ್ ಜೊತೆಗೇ ಕಾಯಲು ಬಿಡಿ. ಹಿಟ್ಟಿನ ಹಾಳೆಯನ್ನು ಬೇಕಿಂಗ್ ಪೇಪರ್ ಮೇಲೆ ಬಿಚ್ಚಿ. ಬಿರುಕು ಬಿಟ್ಟರೆ ಇನ್ನೂ ಐದು ನಿಮಿಷ ಹೊರಗಿರಲಿ, ತಣ್ಣಗಿದ್ದಾಗ ಒತ್ತಾಯ ಮಾಡಿದರೆ ಮಡಿಕೆಯಲ್ಲೇ ಹರಿಯುತ್ತೆ. ಮಧ್ಯದಲ್ಲಿ 1 ಟೇಬಲ್ ಸ್ಪೂನ್ ಚಿರೋಟಿ ರವೆ ಉದುರಿಸಿ, ಸುತ್ತ 2 ಇಂಚು ಖಾಲಿ ಬಿಡಿ. ರವೆ ರಸ ಹೀರಿಕೊಳ್ಳುತ್ತೆ, ತಿನ್ನುವಾಗ ಗೊತ್ತೇ ಆಗಲ್ಲ. ಬಾದಾಮಿ ಪುಡಿ 2 ಟೇಬಲ್ ಸ್ಪೂನ್ ಆದರೂ ಸರಿ.

ಇಷ್ಟೆಲ್ಲಾ ಸಿದ್ಧವಾದ ಮೇಲೆ ಹಣ್ಣಿಗೆ ಸಕ್ಕರೆ ಕಲಸಿ. ಮೊದಲೇ ಕಲಸಿಟ್ಟು ಆಮೇಲೆ ಹಿಟ್ಟು ಹುಡುಕೋಕೆ ಹೋದರೆ ಬಟ್ಟಲ ತಳದಲ್ಲಿ ರಸ ನಿಂತಿರುತ್ತೆ. ಹಾಗಾಗಿಬಿಟ್ಟರೆ ಹೋಳುಗಳನ್ನಷ್ಟೇ ಎತ್ತಿ ಹಾಕಿ. ಉಳಿದ ರಸವನ್ನು ಸಣ್ಣ ಪಾತ್ರೆಯಲ್ಲಿ ಪಾಕದ ಹದಕ್ಕೆ ಬತ್ತಿಸಿ ಹಣ್ಣಿನ ಮೇಲೆ ಸುರಿಯಿರಿ. ಚೆಲ್ಲಬೇಡಿ, ರುಚಿ ಎಲ್ಲಾ ಅದರಲ್ಲೇ ಇರೋದು.

ಅಂಚನ್ನು ಒಳಕ್ಕೆ ಮಡಚುತ್ತಾ ನೆರಿಗೆ ಹಾಕಿ, ಪೇಪರ್ ಸಮೇತ 15 ನಿಮಿಷ ಫ್ರೀಜರ್‌ನಲ್ಲಿಡಿ. ತೆಗೆದು ಅಂಚಿಗೆ ಹಾಲು ಸವರಿ, ಮೇಲೆ ದಪ್ಪ ಸಕ್ಕರೆ ಉದುರಿಸಿ, ಪೇಪರ್ ಎಳೆದು ಕಾದ ಟ್ರೇ ಮೇಲೆ ಜಾರಿಸಿ. 40ರಿಂದ 45 ನಿಮಿಷ. ಗಡಿಯಾರಕ್ಕಿಂತ ಗುಳ್ಳೆ ನೋಡಿ: ಮೊದಲು ನೀರಿನ ಥರ ಸಣ್ಣ ಗುಳ್ಳೆ ಬೇಗಬೇಗ ಬರುತ್ತೆ, ಆಮೇಲೆ ದೊಡ್ಡದಾಗಿ, ನಿಧಾನವಾಗಿ, ಹೊಳೆಯುತ್ತಾ ಒಡೆಯುತ್ತೆ. ಮಧ್ಯಭಾಗದಲ್ಲೂ ಹಾಗೆ ಆದಾಗಲೇ ಕಾರ್ನ್‌ಸ್ಟಾರ್ಚ್ ಪೂರ್ತಿ ಕೆಲಸ ಮಾಡಿದೆ ಅಂತ ಲೆಕ್ಕ. ಅದಕ್ಕೆ ಹತ್ತಿರಹತ್ತಿರ 95 ಡಿಗ್ರಿ ಸೆಲ್ಸಿಯಸ್ ಬೇಕು. ಮೇಲೆ ಕೆಂಪಾಯಿತು ಅಂತ 30 ನಿಮಿಷಕ್ಕೇ ತೆಗೆದರೆ ರಸ ನೀರಾಗಿಯೇ ಉಳಿಯುತ್ತೆ, ಕತ್ತರಿಸಿದಾಗ ತಳಕ್ಕೆ ಹರಿಯುತ್ತೆ. ಅಂಚು ಬೇಗ ಕಪ್ಪಾಗುತ್ತಿದ್ದರೆ ಫಾಯಿಲ್ ಹೊದಿಸಿ, ಓವನ್ ಮಾತ್ರ ಇಳಿಸಬೇಡಿ.

ತೆಗೆದ ಮೇಲೆ ಪೇಪರ್ ಸಮೇತ ತಂತಿ ಜಾಲರಿಗೆ ವರ್ಗಾಯಿಸಿ. ಟ್ರೇ ಮೇಲೇ ಬಿಟ್ಟರೆ ಹಬೆ ತಳದಲ್ಲಿ ಸಿಕ್ಕಿಕೊಂಡು ಗರಿಗರಿಯಾಗಿದ್ದದ್ದು ಮತ್ತೆ ಮೆತ್ತಗಾಗುತ್ತೆ. ಮುಕ್ಕಾಲು ಗಂಟೆಯಾದರೂ ಮುಟ್ಟಬೇಡಿ. ಸಿಲಿಕೋನ್ ಮ್ಯಾಟ್ ಬಳಸುತ್ತಿದ್ದರೆ ಇದಕ್ಕೆ ಬೇಡ. ಕುಕೀಸ್‌ಗೆ ಸರಿ, ಇಲ್ಲಿ ತಳಕ್ಕೆ ಹೋಗೋ ಶಾಖ ತಡೆಯುತ್ತೆ.

ಮಿಚಿಗನ್_ತೋಟ:

ಸೇಬಿನ ಬಗ್ಗೆ. ನಿಮ್ಮ ಚೀಲದಲ್ಲಿರೋ ಮ್ಯಾಕಿಂಟಾಶ್ ಬೇರೆ ಎತ್ತಿಡಿ. ಓವನ್‌ಗೆ ಹೋದರೆ ಅದು ಹೋಳಾಗಿ ಉಳಿಯಲ್ಲ, ಸಾಸ್ ಆಗುತ್ತೆ. ಗ್ಯಾಲೆಟ್‌ಗೆ ಅದೊಂದನ್ನೇ ಹಾಕಿದರೆ ನಡುವೆ ಗುಂಡಿ ಬಿದ್ದು ಗೊಜ್ಜು ತುಂಬಿದ ಹಾಗಿರುತ್ತೆ. ಆದರೆ ಎಸೆಯೋ ಹಣ್ಣಲ್ಲ: ಮೂರರಲ್ಲಿ ಒಂದು ಪಾಲು ಮ್ಯಾಕಿಂಟಾಶ್, ಎರಡು ಪಾಲು ಗಟ್ಟಿ ಹಣ್ಣು ಬೆರೆಸಿದರೆ ಅದು ಕರಗಿ ಉಳಿದ ಹೋಳುಗಳನ್ನು ಹಿಡಿದಿಡುತ್ತೆ. ಆಗ ಕಾರ್ನ್‌ಸ್ಟಾರ್ಚ್ ಅರ್ಧಕ್ಕೆ ಇಳಿಸಬಹುದು.

ಜೋನಗೋಲ್ಡ್ ಹುಳಿ, ಸಿಹಿ, ಗಟ್ಟಿ ಮೂರೂ ಇರೋ ಹಣ್ಣು, ಬೇಕಿಂಗ್‌ಗೆ ನನ್ನ ಮೊದಲ ಓಟು. ಹನಿಕ್ರಿಸ್ಪ್ (ಮಿನೆಸೋಟ ವಿಶ್ವವಿದ್ಯಾಲಯ 1991ರಲ್ಲಿ ಬಿಡುಗಡೆ ಮಾಡಿದ ತಳಿ) ಆಕಾರ ಉಳಿಸಿಕೊಳ್ಳುತ್ತೆ, ಆದರೆ ರಸ ಜಾಸ್ತಿ, ಹುಳಿ ಕಡಿಮೆ. ನಿಂಬೆರಸ ಒಂದು ಟೀ ಸ್ಪೂನ್ ಹೆಚ್ಚಿಗೆ ಹಾಕಿ, ಸಕ್ಕರೆ ಒಂದು ಟೇಬಲ್ ಸ್ಪೂನ್ ಇಳಿಸಿ. ಅಷ್ಟು ದುಡ್ಡು ಕೊಟ್ಟ ಹಣ್ಣನ್ನು ಹಸಿಯಾಗಿ ತಿನ್ನೋದೇ ನ್ಯಾಯ ಅನ್ನೋದು ಬೇರೆ ಮಾತು. ತೋಟದಲ್ಲಿ ಅಕ್ಟೋಬರ್ ಮಧ್ಯದ ಹೊತ್ತಿಗೆ ನಾರ್ದರ್ನ್ ಸ್ಪೈ ಕಂಡರೆ ಬಿಡಬೇಡಿ. ಅಂಗಡಿಯದ್ದೇ ಆದರೆ ಗ್ರ್ಯಾನಿ ಸ್ಮಿತ್, ಪಿಂಕ್ ಲೇಡಿ, ಬ್ರೇಬರ್ನ್. ರೆಡ್ ಡಿಲಿಶಸ್ ಬೇಯಿಸಿದರೆ ರುಚಿಯೂ ಇಲ್ಲ, ಹದವೂ ಇಲ್ಲ.

ಹೋಳು ಒಡೆಯಬಾರದು ಅಂದರೆ ಇನ್ನೊಂದು ಉಪಾಯ ಇದೆ. ಹೆಚ್ಚಿದ ಸೇಬಿನ ಮೇಲೆ ಮುಳುಗುವಷ್ಟು ಕುದಿಯೋ ನೀರು ಸುರಿದು, ಮುಚ್ಚಿ, 10 ನಿಮಿಷ ಬಿಡಿ. ಹಣ್ಣು ಒಳಗೆ ಬಿದ್ದ ಕೂಡಲೇ ನೀರು 60–70 ಡಿಗ್ರಿ ಸೆಲ್ಸಿಯಸ್ ಕಡೆಗೆ ಇಳಿಯುತ್ತೆ. ಆ ಶಾಖದಲ್ಲಿ ಹಣ್ಣಿನಲ್ಲೇ ಇರೋ ಕಿಣ್ವ ಪೆಕ್ಟಿನ್ ಅನ್ನು ಬಿಗಿ ಮಾಡುತ್ತೆ, ಆಮೇಲೆ ಎಷ್ಟು ಬೇಯಿಸಿದರೂ ಹೋಳು ನಿಲ್ಲುತ್ತೆ. ನೀರು ಬಸಿದು ಬಟ್ಟೆ ಮೇಲೆ ಹರಡಿ ಚೆನ್ನಾಗಿ ಒಣಗಿಸಲೇಬೇಕು, ಇಲ್ಲವಾದರೆ ಮತ್ತೆ ಅದೇ ನೀರಿನ ಕಥೆ.

ಬಾಸ್ಕ್ ಪೇರ್ ತಂದಿದ್ದು ಒಳ್ಳೆಯದಾಯಿತು. ಅದೂ ಆಂಜೂ ಕೂಡ ಓವನ್‌ನಲ್ಲಿ ನಿಲ್ಲುತ್ತವೆ, ಬಾರ್ಟ್ಲೆಟ್ ಬೇಗ ಮೆತ್ತಗಾಗುತ್ತೆ. ಪೇರ್ ಒಳಗಿನಿಂದ ಹೊರಗೆ ಹಣ್ಣಾಗುತ್ತೆ, ಹಾಗಾಗಿ ಹೊಟ್ಟೆ ಒತ್ತಿ ನೋಡಬೇಡಿ, ತೊಟ್ಟಿನ ಬಳಿ ಕುತ್ತಿಗೆ ಒತ್ತಿ. ಅಲ್ಲಿ ಸ್ವಲ್ಪ ಒಳಕ್ಕೆ ಹೋದರೆ ಬೇಕಿಂಗ್‌ಗೆ ಸರಿಯಾದ ಹದ. ಹೊಟ್ಟೆಯೂ ಮೆತ್ತಗಿದ್ದರೆ ತಡವಾಯಿತು ಅಂತ.

ಲೇಬಲ್_ಓದುಗ:

ಹಿಟ್ಟಿನ ವಿಷಯಕ್ಕೆ ಹೋಗೋ ಮೊದಲು ಪ್ಯಾಕೆಟ್ ಹಿಂಭಾಗ ಓದಿ. ಪಾಟ್‌ಲಕ್‌ನಲ್ಲಿ ಮೊಟ್ಟೆ ತಿನ್ನದವರು ಇದ್ದಾರೆ ಅಂದಿರಿ, ಹಾಗಾದರೆ ಮೊಟ್ಟೆಗಿಂತ ದೊಡ್ಡ ವಿಷಯ ಲಾರ್ಡ್, ಅಂದರೆ ಹಂದಿ ಕೊಬ್ಬು. ಅಮೆರಿಕದ ಕೆಲವು ರೆಡಿ ಪೈ ಕ್ರಸ್ಟ್‌ಗಳಲ್ಲಿ ಅದು ಇರುತ್ತೆ. ಮುಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿರಲ್ಲ, ಪದಾರ್ಥಗಳ ಪಟ್ಟಿಯಲ್ಲಿ ಮೈದಾ ಆದ ಮೇಲೆ ಎರಡನೆಯದೋ ಮೂರನೆಯದೋ ಆಗಿ ಇರುತ್ತೆ. ಒಂದೇ ಕಂಪನಿಯ ಒಂದು ಸರಕಿನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರಬಹುದು, ಕಾಲಕಾಲಕ್ಕೆ ಬದಲಾಗಲೂಬಹುದು. ಕಳೆದ ವರ್ಷ ಓದಿದ್ದೇನೆ ಅಂತ ಸುಮ್ಮನಾಗಬೇಡಿ. "ಬೀಫ್ ಟ್ಯಾಲೋ" (ದನದ ಕೊಬ್ಬು) ಕೂಡ ನೋಡಿ. "ಮಾನೋ ಅಂಡ್ ಡೈಗ್ಲಿಸರೈಡ್ಸ್" ಗಿಡದ ಎಣ್ಣೆಯಿಂದಲೂ ಆಗಬಹುದು, ಪ್ರಾಣಿ ಕೊಬ್ಬಿನಿಂದಲೂ ಆಗಬಹುದು, ಲೇಬಲ್‌ನಿಂದ ಗೊತ್ತಾಗಲ್ಲ. ಕಟ್ಟುನಿಟ್ಟಿನವರು ಇದ್ದರೆ ವೀಗನ್ ಗುರುತು ಇರೋದನ್ನೇ ಕೊಳ್ಳಿ.

ಪಫ್ ಪೇಸ್ಟ್ರಿಯಲ್ಲಿ ಎರಡು ಜಾತಿ: ಎಣ್ಣೆ ಕೊಬ್ಬಿನದು, ಪೂರ್ತಿ ಬೆಣ್ಣೆಯದು. ಪೆಪ್ಪರಿಜ್ ಫಾರ್ಮ್‌ನ 17.3 ಔನ್ಸ್ ಪ್ಯಾಕ್ ಎಣ್ಣೆಯದು, ಎರಡು ಹಾಳೆ ಬರುತ್ತೆ. ಡುಫೋರ್ ಬೆಣ್ಣೆಯದು, ಬೆಲೆಯೂ ಹಾಗೇ ಇದೆ. ಬೆಣ್ಣೆಯದು ರುಚಿಯಲ್ಲಿ ಮೇಲು, ಆದರೆ ಬೇಗ ಕರಗುತ್ತೆ, ಕೈಚಳಕ ಬೇಕು. ಮೊದಲ ಸಲಕ್ಕೆ ಎಣ್ಣೆಯದೇ ಸುಲಭ.

ಮೊಟ್ಟೆ ಬದಲು: ಬರೀ ಹಾಲು ಸವರಿದರೆ ಬಣ್ಣ ಬರುತ್ತೆ, ಹೊಳಪು ಬರಲ್ಲ. ಹೆವಿ ಕ್ರೀಮ್ 1 ಟೇಬಲ್ ಸ್ಪೂನ್‌ಗೆ ಅರ್ಧ ಟೀ ಸ್ಪೂನ್ ಮೇಪಲ್ ಸಿರಪ್ ಬೆರೆಸಿ ಸವರಿ, ಎರಡೂ ಬರುತ್ತೆ. ಸಿರಪ್ ಅದಕ್ಕಿಂತ ಜಾಸ್ತಿ ಹಾಕಿದರೆ ಒಳಗೆ ಬೇಯೋ ಮೊದಲೇ ಮೇಲೆ ಕಪ್ಪಾಗುತ್ತೆ. ಇನ್ನೂ ಹೊಳಪು ಬೇಕಾದರೆ ಓವನ್‌ನಿಂದ ತೆಗೆದ ಮೇಲೆ ಏಪ್ರಿಕಾಟ್ ಜಾಮ್ 2 ಟೇಬಲ್ ಸ್ಪೂನ್‌ಗೆ 1 ಟೀ ಸ್ಪೂನ್ ನೀರು ಹಾಕಿ ಬಿಸಿ ಮಾಡಿ, ಸೋಸಿ, ಹಣ್ಣಿನ ಮೇಲೆ ಸವರಿ. ಬೇಕರಿಯವರು ಮಾಡೋದೂ ಹೆಚ್ಚುಕಡಿಮೆ ಇದೇ.

ಪದರಪದರ:

ಲಾರ್ಡ್ ವಿಷಯ ಹೇಳಿದ್ದು ಸರಿ. ಈಗ ಪಫ್.

ಹಾಳೆಯನ್ನು ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿ. ಅವಸರಕ್ಕೆ ಹೊರಗೆ 40 ನಿಮಿಷ ಸಾಕು. ಬಿಚ್ಚಿದಾಗ ಬಗ್ಗಬೇಕು, ಆದರೆ ಮುಟ್ಟಿದರೆ ತಣ್ಣಗಿರಬೇಕು. ಬೆರಳಿಗೆ ಜಿಡ್ಡು ಹತ್ತಿತೆಂದರೆ ಕೊಬ್ಬು ಪದರ ಬಿಟ್ಟು ಹಿಟ್ಟಿಗೆ ಬೆರೆಯುತ್ತಿದೆ, ತಕ್ಷಣ ಫ್ರಿಜ್‌ಗೆ ಹಾಕಿ. ಪದರ ಬೇರೆಬೇರೆ ನಿಂತರೆ ತಾನೇ ಹಬೆ ಅವನ್ನು ಎತ್ತೋದು.

ಟರ್ನ್‌ಓವರ್‌ಗೆ (ಒಳಗೆ ಹಣ್ಣಿಟ್ಟು ಮಡಚಿ ಮುಚ್ಚಿದ ಪಫ್) ಹೂರಣ: ಜೋನಗೋಲ್ಡ್ 400 ಗ್ರಾಂ, ಒಂದು ಸೆಂಟಿಮೀಟರ್ ಚೌಕ ಹೋಳು. ಅಗಲ ಬಾಣಲೆಯಲ್ಲಿ ಬೆಣ್ಣೆ 1 ಟೇಬಲ್ ಸ್ಪೂನ್, ಬ್ರೌನ್ ಶುಗರ್ 3 ಟೇಬಲ್ ಸ್ಪೂನ್, ಕಾಲು ಟೀ ಸ್ಪೂನ್ ಉಪ್ಪು. 5 ನಿಮಿಷ ಮುಚ್ಚಿ, ನಂತರ 3–4 ನಿಮಿಷ ಮುಚ್ಚಳ ತೆಗೆದು ಬೇಯಿಸಿ. ಕಾರ್ನ್‌ಸ್ಟಾರ್ಚ್ 1 ಟೀ ಸ್ಪೂನ್ ಅನ್ನು 1 ಟೇಬಲ್ ಸ್ಪೂನ್ ತಣ್ಣೀರಲ್ಲಿ ಕದಡಿ ಸುರಿದು ಒಂದು ನಿಮಿಷ ಕುದಿಸಿ. ದಾಲ್ಚಿನ್ನಿ ಅರ್ಧ ಟೀ ಸ್ಪೂನ್, ನಿಂಬೆರಸ ಒಂದು ಟೀ ಸ್ಪೂನ್ ಕೊನೆಗೆ. ಸೌಟಿನಿಂದ ಗೆರೆ ಎಳೆದರೆ ಬಾಣಲೆ ತಳ ಕ್ಷಣ ಕಾಣಿಸಬೇಕು, ರಸ ಹರಿದುಬಂದು ಮುಚ್ಚಬಾರದು. ತಟ್ಟೆಗೆ ಹರಡಿ ಪೂರ್ತಿ ಆರಿಸಿ. ಉಗುರು ಬೆಚ್ಚಗಿದ್ದರೂ ಹಾಕಬೇಡಿ, ಪದರ ಕರಗಿಹೋಗುತ್ತೆ.

ಹಾಳೆಯನ್ನು 10 ಇಂಚು ಚೌಕಕ್ಕೆ ಸ್ವಲ್ಪ ಲಟ್ಟಿಸಿ, ನಾಲ್ಕು 5 ಇಂಚಿನ ಚೌಕ ಮಾಡಿ. ಚೂಪಾದ ಚಾಕುವಿನಿಂದ ಮೇಲಿಂದ ನೇರ ಒತ್ತಿ ಕತ್ತರಿಸಿ, ಎಳೆಯಬೇಡಿ. ಎಳೆದರೆ ಅಂಚಿನ ಪದರ ಒಂದಕ್ಕೊಂದು ಅಂಟಿ ಆ ಕಡೆ ಏಳೋದಿಲ್ಲ. ಚೌಕಕ್ಕೆ ಹೂರಣ 2 ಟೇಬಲ್ ಸ್ಪೂನ್, ಅಷ್ಟೇ. ನೋಡೋಕೆ ಜಿಪುಣತನ ಅನ್ನಿಸುತ್ತೆ, ಆದರೆ ಮೂರನೇ ಸ್ಪೂನೇ ಬಾಯಿಬಿಡಿಸೋದು. ಎರಡು ಬದಿಗೆ ನೀರು ಸವರಿ, ತ್ರಿಕೋನ ಮಡಚಿ, ಅರ್ಧ ಇಂಚು ಅಗಲ ಫೋರ್ಕ್‌ನಿಂದ ಒತ್ತಿ. ಕರ್ಜಿಕಾಯಿ ಮಾಡಿ ರೂಢಿ ಇರೋರಿಗೆ ಅಂಚು ತಿರುಚಿ ಜಡೆ ಹಾಕುವ ಆಸೆ ಬರುತ್ತೆ. ಇಲ್ಲಿ ಬೇಡ, ಎಣ್ಣೆಯಲ್ಲಿ ಕರಿಯೋ ಕಣಕ ಬೇರೆ, ಇದು ಬೇರೆ. ತಿರುಚಿದ ಜಾಗ ದಪ್ಪ ಹಸಿಹಿಟ್ಟಾಗಿ ಉಳಿಯುತ್ತೆ.

ಅಂಚಿನ ಮೇಲೆ ಹೂರಣದ ಸಿಹಿ ರಸ ತಾಗಿದರೆ ಅಲ್ಲಿ ಅಂಟೋದೇ ಇಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿಯೇ ಮುಚ್ಚಿ. ಮೇಲೆ ಮೂರು ಸೀಳು, ಪ್ರತಿಯೊಂದೂ ಅರ್ಧ ಇಂಚು, ಹೂರಣ ಕಾಣಿಸುವಷ್ಟು ಆಳ. ಸೀಳದಿದ್ದರೆ ಹಬೆ ತನಗೆ ಬೇಕಾದ ಕಡೆ ದಾರಿ ಮಾಡಿಕೊಳ್ಳುತ್ತೆ, ಅದು ಯಾವಾಗಲೂ ನೀವು ಒತ್ತಿದ ಅಂಚೇ ಆಗಿರುತ್ತೆ. ಕ್ರೀಮ್ ಸವರುವಾಗ ಕತ್ತರಿಸಿದ ಬದಿಗೆ ಇಳಿಯಬಾರದು, ಇಳಿದರೆ ಪದರಗಳಿಗೆ ಗೋಂದು ಹಾಕಿದ ಹಾಗೆ. 20 ನಿಮಿಷ ಫ್ರಿಜ್, ಆಮೇಲೆ 400 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 20–25 ನಿಮಿಷ, ಹೊಂಬಣ್ಣ ದಾಟಿ ಕಂದು ತಿರುಗುವ ತನಕ. ಪಫ್ ವಿಷಯದಲ್ಲಿ ಬಹಳಷ್ಟು ಜನ ಬಣ್ಣಕ್ಕೆ ಹೆದರಿ ಬೇಗ ತೆಗೆಯುತ್ತಾರೆ. ತೆಳು ಹಳದಿ ಇದ್ದರೆ ಒಳಪದರ ಹಸಿ ಅಂತಲೇ ಅರ್ಥ.

ತುಪ್ಪದ_ಡಬ್ಬಿ:

ಫೀಲೋ ಯಾರೂ ಮುಟ್ಟಲಿಲ್ಲ, ನಾನು ಹೇಳ್ತೀನಿ. ಇಲ್ಲಿನ ಪಾಕವಿಧಾನಗಳಲ್ಲಿ ಎಲ್ಲಾ "ಕರಗಿಸಿದ ಬೆಣ್ಣೆ" ಅಂತಿರುತ್ತೆ. ನೀವು ತುಪ್ಪ ಹಾಕಿ. ಬೆಣ್ಣೆಯಲ್ಲಿ ನೂರಕ್ಕೆ 16–18 ಭಾಗ ನೀರು ಇರುತ್ತೆ, ಅದು ಕಾಗದದಂಥ ಹಾಳೆಯನ್ನು ನೆನೆಸುತ್ತೆ, ಜೊತೆಗಿರೋ ಹಾಲಿನ ಅಂಶ ಕಪ್ಪು ಚುಕ್ಕೆ ಬಿಡುತ್ತೆ. ತುಪ್ಪದಲ್ಲಿ ಎರಡೂ ಇಲ್ಲ. ಹಾಗಾಗಿ ಗರಿ ಜಾಸ್ತಿ, ಬಣ್ಣ ಸಮ.

ಪ್ಯಾಕೆಟ್ ಹಿಂದಿನ ರಾತ್ರಿ ಫ್ರಿಜ್‌ನಲ್ಲಿ, ಆಮೇಲೆ ಬಿಚ್ಚದೆ ಹೊರಗೆ ಎರಡು ಗಂಟೆ. ಈ ಎರಡು ಗಂಟೆ ಉಳಿಸೋಕೆ ಹೋದ್ರೆ ಹಾಳೆ ಮಡಿಕೆಯಲ್ಲಿ ಚೂರುಚೂರು ಆಗುತ್ತೆ. ಬಿಚ್ಚಿದ ಮೇಲೆ ಪ್ಲಾಸ್ಟಿಕ್ ಹೊದಿಸಿ, ಅದರ ಮೇಲೆ ಒದ್ದೆ ಬಟ್ಟೆ. ಒದ್ದೆ ಬಟ್ಟೆ ನೇರ ಹಾಳೆಗೆ ತಾಗಿದ್ರೆ ಎಲ್ಲಾ ಅಂಟಿಕೊಂಡು ಮುದ್ದೆ.

ಪೇರ್-ಕ್ರ್ಯಾನ್‌ಬೆರಿ ಸುರುಳಿಗೆ: 9×14 ಇಂಚಿನ ಹಾಳೆ 8, ತುಪ್ಪ 80 ಗ್ರಾಂ, ಪೇರ್ ಹೋಳು 400 ಗ್ರಾಂ, ಕ್ರ್ಯಾನ್‌ಬೆರಿ ಮುಕ್ಕಾಲು ಕಪ್ (ಅರ್ಧಕ್ಕೆ ಸೀಳಿ, ಇಡಿಯಾಗಿದ್ರೆ ಸಿಡಿಯುತ್ತೆ, ಹುಳಿಯೂ ಒಂದೇ ಕಡೆ ನಿಲ್ಲುತ್ತೆ), ಸಕ್ಕರೆ 70 ಗ್ರಾಂ, ತುರಿದ ಶುಂಠಿ 1 ಟೀ ಸ್ಪೂನ್, ಏಲಕ್ಕಿ ಪುಡಿ ಕಾಲು ಟೀ ಸ್ಪೂನ್. ಪೇರ್‌ಗೆ ದಾಲ್ಚಿನ್ನಿಗಿಂತ ಏಲಕ್ಕಿ ಒಪ್ಪುತ್ತೆ. ಬ್ರೆಡ್ ಪುಡಿ ಅರ್ಧ ಕಪ್ಪನ್ನು 1 ಟೀ ಸ್ಪೂನ್ ತುಪ್ಪದಲ್ಲಿ ಕೆಂಪಗೆ ಹುರಿದಿಟ್ಟುಕೊಳ್ಳಿ. ಹುರಿಯದೆ ಹಾಕಿದ್ರೆ ಅದೇ ಮೆತ್ತಗಾಗಿ ಹಿಟ್ಟಿನ ಥರ ಬಾಯಿಗೆ ಹತ್ತುತ್ತೆ.

ಹಾಳೆ ಒಂದು, ತುಪ್ಪ, ಒಂದು ಟೀ ಸ್ಪೂನ್ ಬ್ರೆಡ್ ಪುಡಿ, ಹೀಗೇ ಎಂಟೂ. ತುಪ್ಪ ಸವರೋದು ಅಂಚಿನಿಂದ ಶುರು, ಮೊದಲು ಒಣಗೋದೇ ಅಂಚು. ಉಳಿದ ಪುಡಿ ಉದ್ದದ ಒಂದು ಬದಿಯಲ್ಲಿ ಸಾಲಾಗಿ ಹಾಕಿ, ಅದರ ಮೇಲೆ ಹಣ್ಣು. ಎರಡೂ ತುದಿ ಒಳಕ್ಕೆ ಮಡಚಿ, ಸಡಿಲವಾಗಿ ಸುತ್ತಿ. ಬಿಗಿಯಾಗಿ ಸುತ್ತಿದ್ರೆ ಓವನ್‌ನಲ್ಲಿ ಹೊಟ್ಟೆ ಒಡೆಯುತ್ತೆ. ಮೇಲೆ ತುಪ್ಪ ಸವರಿ, ಬೇಯಿಸೋ ಮೊದಲೇ ಮೇಲಿನ ಎರಡು ಮೂರು ಪದರ ಮಾತ್ರ ಕತ್ತರಿಸಿ ಗುರುತು ಮಾಡಿ. ಮೊದಲೇ ಗೆರೆ ಹಾಕದೆ, ಬೆಂದ ಮೇಲೆ ಚಾಕು ಇಟ್ಟರೆ ಮೇಲ್ಪದರ ಪುಡಿಪುಡಿ. 375 ಡಿಗ್ರಿ ಫ್ಯಾರನ್‌ಹೀಟ್ (190 ಸೆಲ್ಸಿಯಸ್), 30–35 ನಿಮಿಷ.

ಫೀಲೋ ಮಾಡಿದ ದಿನವೇ ಚೆಂದ. ಡಬ್ಬಿಯಲ್ಲಿ ಮುಚ್ಚಿಟ್ಟರೆ ಹಣ್ಣಿನ ತೇವ ಹೀರಿ ಚರ್ಮದ ಥರ ಆಗುತ್ತೆ.

ಕ್ರೆಸೆಂಟ್_ಪಕ್ಷ:

ಎಲ್ಲರೂ ಕಷ್ಟದ್ದೇ ಹೇಳ್ತಿದ್ದೀರಿ. ಸುಲಭ ಅಂದ್ರೆ ಡಬ್ಬಿ ಕ್ರೆಸೆಂಟ್ ರೋಲ್. 8 ಔನ್ಸ್ ಡಬ್ಬಿ ಎರಡು, ಅಂದ್ರೆ 16 ತ್ರಿಕೋನ. ಎರಡು ದೊಡ್ಡ ಗ್ರ್ಯಾನಿ ಸ್ಮಿತ್ ಸೇಬು, ಒಂದೊಂದನ್ನೂ 8 ಹೋಳು. ತ್ರಿಕೋನದ ಅಗಲ ಬದಿಗೆ ಹೋಳಿಟ್ಟು ಸುತ್ತಿ, 9×13 ತಟ್ಟೆಯಲ್ಲಿ ಜೋಡಿಸಿ. ಬೆಣ್ಣೆ 2 ಸ್ಟಿಕ್, ಸಕ್ಕರೆ ಒಂದೂವರೆ ಕಪ್, ದಾಲ್ಚಿನ್ನಿ ಕರಗಿಸಿ ಸುರಿದು, ಮೇಲೆ ಒಂದು ಕ್ಯಾನ್ ಮೌಂಟನ್ ಡ್ಯೂ ಸೋಡಾ. 350 ಡಿಗ್ರಿ ಫ್ಯಾರನ್‌ಹೀಟ್, 40–45 ನಿಮಿಷ. ಅಮೆರಿಕದ ಪಾಟ್‌ಲಕ್‌ಗಳಲ್ಲಿ ಮೊದಲು ಖಾಲಿಯಾಗೋ ತಟ್ಟೆ ಇದು.

ಪದರಪದರ:

ಖಾಲಿಯಾಗುತ್ತೆ ನಿಜ. ಆದರೆ 16 ತುಂಡಿಗೆ 300 ಗ್ರಾಂ ಸಕ್ಕರೆ, 225 ಗ್ರಾಂ ಬೆಣ್ಣೆ, ಸೋಡಾದ ಸಕ್ಕರೆ ಬೇರೆ. ಸೇಬಿನ ರುಚಿ ಎಲ್ಲಿ? 16 ತುಂಡಿಗೇ ಬೆಣ್ಣೆ, ಸಕ್ಕರೆ ಎರಡನ್ನೂ ಅರ್ಧಕ್ಕೆ ಇಳಿಸಿದರೂ ಏನೂ ಕೆಡಲ್ಲ: ಬೆಣ್ಣೆ 1 ಸ್ಟಿಕ್ (113 ಗ್ರಾಂ), ಸಕ್ಕರೆ ಮುಕ್ಕಾಲು ಕಪ್, ಸೋಡಾ ಬದಲು ತೋಟದಲ್ಲಿ ಸಿಗೋ ಮಬ್ಬು ಬಣ್ಣದ ತಾಜಾ ಆ್ಯಪಲ್ ಸೈಡರ್ 1 ಕಪ್. ಸೈಡರ್ ಅನ್ನು ಸುರುಳಿಗಳ ಮೇಲೆ ಸುರಿಯದೆ ತಟ್ಟೆಯ ಬದಿಯಿಂದ ಬಿಡಿ. ಮೇಲ್ಭಾಗ ಗರಿಯಾಗಿ ಉಳಿಯುತ್ತೆ, ತಳ ಪಾಕ ಕುಡಿಯುತ್ತೆ. ಈ ಒಂದು ಸಿಹಿಯಲ್ಲಿ ಮಾತ್ರ ತಳ ಮೆತ್ತಗಿರೋದು ತಪ್ಪಲ್ಲ, ಅದೇ ಇದರ ಲಕ್ಷಣ. 35ನೇ ನಿಮಿಷಕ್ಕೆ ನೋಡೋಕೆ ಶುರು ಮಾಡಿ.

ಓಟಿಜಿ_ಬೆಂಗಳೂರು:

ನಡುವೆ ಬಾಯಿ ಹಾಕ್ತಿದ್ದೀನಿ. ಇಲ್ಲಿ ಪಫ್ ಹಾಳೆ ಸೂಪರ್‌ಮಾರ್ಕೆಟ್ ಫ್ರೀಜರ್‌ನಲ್ಲಿ ಸಿಗುತ್ತೆ, ಸೇಬೂ ಹಿಮಾಚಲ, ಕಾಶ್ಮೀರದ್ದು ಈಗಲೇ ಸೀಸನ್. 28 ಲೀಟರ್ ಓಟಿಜಿಯಲ್ಲಿ (ಮೇಜಿನ ಮೇಲಿಡೋ ಸಣ್ಣ ಓವನ್) ಇದೇ ಲೆಕ್ಕ ನಡೆಯುತ್ತಾ? ಮತ್ತೆ, ಸೀತಾಫಲ ತುಂಬಿ ಮಾಡಬಹುದಾ?

ತುಪ್ಪದ_ಡಬ್ಬಿ:

ಓಟಿಜಿಯಲ್ಲಿ ಮೇಲಿನ ರಾಡ್ ಹಿಟ್ಟಿಗೆ ತೀರಾ ಹತ್ತಿರ, ಅದೇ ತೊಂದರೆ. 200 ಡಿಗ್ರಿ ಸೆಲ್ಸಿಯಸ್‌ಗೆ ಎರಡೂ ರಾಡ್ ಹಾಕಿ 15 ನಿಮಿಷ ಕಾಯಿಸಿ. ಟ್ರೇ ಕೆಳಗಿನ ಹಂತಕ್ಕೆ ಇಡಿ, ಮೊದಲ 12–15 ನಿಮಿಷ ಎರಡೂ ರಾಡ್, ಆಮೇಲೆ ಕೆಳಗಿನದು ಮಾತ್ರ. ಫ್ಯಾನ್ ಇದ್ರೆ 180–185ಕ್ಕೆ ಇಳಿಸಿ. ಒಂದು ಸಲಕ್ಕೆ ನಾಲ್ಕಕ್ಕಿಂತ ಜಾಸ್ತಿ ಇಡಬೇಡಿ, ಹಬೆ ಹೊರಗೆ ಹೋಗೋಕೆ ಜಾಗ ಬೇಕು. ಗಟ್ಟಿ ಮಾಡೋಕೆ ಅಲ್ಲಿನ ಬಿಳಿ ಕಾರ್ನ್‌ಫ್ಲೋರ್ ಸಾಕು, ಅಳತೆ ಅದೇ.

ಸೀತಾಫಲ ಒಳಗಿಟ್ಟು ಬೇಯಿಸಬೇಡಿ. ಅದರ ತಿರುಳು ಬಿಸಿಯಾದರೆ ಕಹಿ ಬರುತ್ತೆ. ಪಫ್ ಅನ್ನು 3 ಇಂಚಿನ ಚೌಕ ಮಾಡಿ, ಅಂಚಿನಿಂದ ಅರ್ಧ ಇಂಚು ಒಳಗೆ ಚಾಕುವಿನಲ್ಲಿ ಅರ್ಧ ಆಳದ ಗೆರೆ ಹಾಕಿ, ನಡುಭಾಗ ಫೋರ್ಕ್‌ನಿಂದ ಚುಚ್ಚಿ, ಖಾಲಿಯಾಗಿಯೇ ಬೇಯಿಸಿ. ಆರಿದ ಮೇಲೆ ನಡುಭಾಗ ಒಳಕ್ಕೆ ಒತ್ತಿದ್ರೆ ಗೂಡು. ಬೀಜ ತೆಗೆದ ಸೀತಾಫಲದ ತಿರುಳು ಒಂದು ಕಪ್, ಗಟ್ಟಿ ಮಾಡಿದ ಕ್ರೀಮ್ ಅರ್ಧ ಕಪ್ ಮೆಲ್ಲಗೆ ಬೆರೆಸಿ, ಬಡಿಸೋ ಹೊತ್ತಿಗೆ ತುಂಬಿ. ಸಕ್ಕರೆ ಬೇಕಾಗಲ್ಲ.

ನ್ಯೂಜೆರ್ಸಿ_ಅಡುಗೆಮನೆ:

ಎಲ್ಲರಿಗೂ ಧನ್ಯವಾದ. ಪೈ ಕ್ರಸ್ಟ್ ಪ್ಯಾಕೆಟ್ ತಿರುಗಿಸಿ ನೋಡಿದೆ, ಲಾರ್ಡ್ ಇದೆ, ವಾಪಸ್ ಕೊಡ್ತೀನಿ. ಪಾಟ್‌ಲಕ್‌ಗೆ ಟರ್ನ್‌ಓವರ್ ಅಂತ ತೀರ್ಮಾನ. ಹಿಂದಿನ ದಿನ ಬೇಯಿಸಿಟ್ಟು ಅಲ್ಲಿ ಮೈಕ್ರೋವೇವ್ ಮಾಡಲಾ, ಇಲ್ಲಾ ಹಸಿಯಾಗಿ ಇಟ್ಟು ಬೆಳಿಗ್ಗೆ ಬೇಯಿಸಲಾ? ಮನೆಯಲ್ಲಿ ಕುಂಬಳಕಾಯಿ ಕ್ಯಾನ್ ಕೂಡ ಒಂದಿದೆ, ಅದನ್ನೂ ತುಂಬಬಹುದಾ?

ಪದರಪದರ:

ಮೈಕ್ರೋವೇವ್ ಬೇಡವೇ ಬೇಡ, ಹಣ್ಣಿನ ನೀರು ಹಬೆಯಾಗಿ ಸೀದಾ ಪದರಕ್ಕೆ ಹೋಗುತ್ತೆ. ಹಸಿಯಾಗಿಡಿ, ಆದರೆ ಫ್ರಿಜ್‌ನಲ್ಲಿ ಅಲ್ಲ, ರಾತ್ರಿಯಿಡೀ ಹೂರಣ ತಳ ನೆನೆಸುತ್ತೆ. ಮಡಚಿ, ಸೀಳಿ, ಒಂದಕ್ಕೊಂದು ತಾಗದ ಹಾಗೆ ಟ್ರೇ ಮೇಲೆ ಫ್ರೀಜ್ ಮಾಡಿ. ಕಲ್ಲಾದ ಮೇಲೆ ಜಿಪ್ ಚೀಲಕ್ಕೆ ತುಂಬಿ, ಒಂದು ತಿಂಗಳು ಧಾರಾಳವಾಗಿ ಇರುತ್ತೆ. ಬೇಯಿಸುವಾಗ ಕರಗಿಸದೆ ನೇರ 400 ಡಿಗ್ರಿ ಓವನ್‌ಗೆ, 5–8 ನಿಮಿಷ ಹೆಚ್ಚು. ಕ್ರೀಮ್ ಸವರೋದು ಓವನ್‌ಗೆ ಹೋಗೋ ಮುಂಚೆ, ಫ್ರೀಜ್ ಮಾಡೋ ಮುಂಚೆ ಅಲ್ಲ. ಹೂರಣಕ್ಕೆ ಕಾರ್ನ್‌ಸ್ಟಾರ್ಚ್ ಬದಲು ಟ್ಯಾಪಿಯೋಕಾ ಸ್ಟಾರ್ಚ್ ಒಂದೂವರೆ ಟೀ ಸ್ಪೂನ್ ಹಾಕಿದರೆ ಇನ್ನೂ ಒಳ್ಳೆಯದು, ಕಾರ್ನ್‌ಸ್ಟಾರ್ಚ್ ಹೆಪ್ಪುಗಟ್ಟಿ ಕರಗಿದಾಗ ನೀರು ಬಿಡುತ್ತೆ.

ಒಯ್ಯುವಾಗ ಕಾರ್ಡ್‌ಬೋರ್ಡ್ ಪೆಟ್ಟಿಗೆ, ಮೇಲೆ ಸಡಿಲವಾಗಿ ಕಾಗದ. ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿದರೆ ಬಿಸಿ ಇರುತ್ತೆ, ಗರಿ ಇರಲ್ಲ. ಅಲ್ಲಿ ಓವನ್ ಸಿಕ್ಕರೆ 350ರಲ್ಲಿ 8 ನಿಮಿಷ. ಏರ್ ಫ್ರೈಯರ್ ಆದರೆ 325ರಲ್ಲಿ 4 ನಿಮಿಷ, ಅದಕ್ಕಿಂತ ಬಿಸಿ ಇಟ್ಟರೆ ಫ್ಯಾನ್ ಗಾಳಿಗೆ ಮೇಲ್ಪದರ ಹಾರಿ ಸುಡುತ್ತೆ.

ಲೇಬಲ್_ಓದುಗ:

ಕುಂಬಳಕ್ಕೆ: ಕ್ಯಾನ್ ಮೇಲೆ ಬರೀ "ಪಂಪ್‌ಕಿನ್" ಅಂತಿದೆಯೋ "ಪಂಪ್‌ಕಿನ್ ಪೈ ಮಿಕ್ಸ್" ಅಂತಿದೆಯೋ ನೋಡಿ. ಎರಡನೆಯದರಲ್ಲಿ ಸಕ್ಕರೆ, ಮಸಾಲೆ ಮೊದಲೇ ಇರುತ್ತೆ, ನೀವು ಮತ್ತೆ ಹಾಕಿದರೆ ಬಾಯಿಗಿಡೋಕಾಗಲ್ಲ. ಬರೀ ಕುಂಬಳದ್ದು 15 ಔನ್ಸ್ ಕ್ಯಾನ್‌ನಿಂದ 1 ಕಪ್ ತೆಗೆದು, ಬಾಣಲೆಯಲ್ಲಿ ಮುಚ್ಚದೆ ಮುಕ್ಕಾಲು ಕಪ್ ಆಗುವ ತನಕ ಮಗುಚಿ. ಬ್ರೌನ್ ಶುಗರ್ ಕಾಲು ಕಪ್, ಒಣಶುಂಠಿ ಪುಡಿ ಅರ್ಧ ಟೀ ಸ್ಪೂನ್, ಜಾಯಿಕಾಯಿ ಎರಡು ಚಿಟಿಕೆ, ಉಪ್ಪು, ಕ್ರೀಮ್ ಚೀಸ್ 2 ಟೇಬಲ್ ಸ್ಪೂನ್. ಮೊಟ್ಟೆ ಬೇಕಿಲ್ಲ, ಬತ್ತಿಸಿದ್ದಕ್ಕೇ ಗಟ್ಟಿಯಾಗಿರುತ್ತೆ. 5 ಇಂಚಿನ ಚೌಕಕ್ಕೆ ಒಂದೂವರೆ ಟೇಬಲ್ ಸ್ಪೂನ್ ಸಾಕು. ಸೇಬಿನದ್ದಕ್ಕೂ ಇದಕ್ಕೂ ಗುರುತು ಸಿಗೋ ಹಾಗೆ ಸೀಳು ಬೇರೆ ಥರ ಹಾಕಿಡಿ, ಫ್ರೀಜರ್ ಚೀಲದಲ್ಲಿ ಎರಡೂ ಒಂದೇ ಥರ ಕಾಣುತ್ತೆ.